ಒಂದೇ ದೀಪದ ಬಸಣ್ಣ

ಕೊಟ್ಟೂರಿನ ಬಸಣ್ಣ ಫೋಟೊ ತೆಗೆಯುವ ಮೊದಲು ದೀಪ ಆರಿಸುತ್ತಿದ್ದ. ಸ್ಟುಡಿಯೊದಲ್ಲಿ ನಾಲ್ಕು ದೀಪಗಳಿದ್ದವು. ಮೂರನ್ನು ಆರಿಸಿ, ಉಳಿದ ಒಂದರ ಮುಂದೆ ಹಳೆಯ ಪಂಚೆ ಇಳಿಬಿಟ್ಟು, ಬಂದವರನ್ನು ಹೆಚ್ಚುಕಡಿಮೆ ಕತ್ತಲಲ್ಲಿ ಕೂರಿಸಿ, "ಈಗ ಕಾಣಾಕತ್ತೀರಿ ನೋಡ್ರಿ" ಅನ್ನುತ್ತಿದ್ದ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಆಗ ಪತ್ರಿಕೆಯೊಂದಕ್ಕೆ ಕೂಡ್ಲಿಗಿ, ಕೊಟ್ಟೂರು, ಹಡಗಲಿ ಕಡೆಯ ಸುದ್ದಿ ಕಳಿಸುತ್ತಿದ್ದೆ. ಫೋಟೊಗಳಿಗೆ ಬಸಣ್ಣನೇ ಗತಿ. ಹೊಸದಾಗಿ ಬಂದ ಅಧಿಕಾರಿಯೊಬ್ಬರ ಚಿತ್ರ ಅವನಿಂದ ತೆಗೆಸಿ ಕಳಿಸಿದಾಗ ಸಂಪಾದಕರು ಫೋನ್ ಮಾಡಿ, "ಇವರನ್ನು ಬಂಧಿಸಿದ್ದು ಯಾವಾಗ?" ಎಂದು ಕೇಳಿದರು. ಬಸಣ್ಣನಿಗೆ ಹೇಳಿದೆ. "ಆ ಮನಿಷ್ಯಾನ ಮುಖದಾಗ ಇದ್ದದ್ದ ಅಷ್ಟು ಬೆಳಕು, ನಾ ಏನ್ ಮಾಡ್ಲಿ?" ಅಂದ.

ಅವನ ನಿಜವಾದ ಕೆಲಸ ಹೆಂಗಸರ ಚಿತ್ರಗಳು. ನಮ್ಮ ಕಡೆ ಹೆಣ್ಣಿನ ಫೋಟೊ ಎಂದರೆ ಎತ್ತರದ ಸ್ಟೂಲು, ಪ್ಲಾಸ್ಟಿಕ್ ಹೂವು, ಬಗ್ಗಿಸಿದ ತಲೆ, ಕಾಣಲೇಬೇಕಾದ ಎರಡು ಕಿವಿ. ಬಸಣ್ಣ ಸ್ಟೂಲು ಎಸೆದು, ಮನೆಯಿಂದ ತನ್ನ ಮದುವೆಯ ಮಂಚವನ್ನೇ ತಂದು ಹಾಕಿದ. ಹೆಂಗಸರು ಬಂದರೆ ಹೆಂಡತಿ ನಾಗರತ್ನಮ್ಮ ಜೊತೆಗಿರಬೇಕು, ಅದು ನಿಯಮ. ಆಕೆ ಜಡೆ ಬಿಚ್ಚಿಸಿ, ಲೋಡುದಿಂಬಿಗೆ ಒರಗಿಸಿ, ಸೆರಗು ಸರಿಪಡಿಸುತ್ತ, "ನಮ್ಮ ಮಂಚದ ಮ್ಯಾಲೆ ಊರಿನ ಹೆಂಗಸ್ರೆಲ್ಲ ರಾಣಿಯರಾದ್ರು. ನನಗ ಚಾಪಿ" ಅನ್ನುತ್ತಿದ್ದರು. ಕ್ಯಾಮೆರಾದ ಹಿಂದಿನಿಂದ ಬಸಣ್ಣನ ಮಾತು ಯಾವಾಗಲೂ ಒಂದೇ: "ತಲಿ ಎತ್ರಿ ಅಕ್ಕಾರ. ನೆಲದಾಗ ಏನೂ ಬಿದ್ದಿಲ್ಲ."

ಆ ಚಿತ್ರಗಳು ಗೋಡೆಗೆ ಹೋಗುತ್ತಿರಲಿಲ್ಲ. ಸುದ್ದಿಪತ್ರಿಕೆಯಲ್ಲಿ ಸುತ್ತಿ ಒಯ್ದು, ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಡುತ್ತಿದ್ದರು. ಚಿಗಟೇರಿಯ ಟೀಚರೊಬ್ಬರು ಶಾಲೆಗೆ ತಪಾಸಣೆ ಇದ್ದ ದಿನ ಬೆಳಿಗ್ಗೆ ಟ್ರಂಕು ತೆಗೆದು ತಮ್ಮ ಫೋಟೊ ನೋಡಿಕೊಂಡೇ ಹೋಗುತ್ತಿದ್ದರಂತೆ.

ಸ್ಟುಡಿಯೊದ ಎದುರಿಗೆ ಶಾಂತವ್ವನ ಖಾನಾವಳಿ. ಗಂಡ ತೀರಿಕೊಂಡಿದ್ದ, ಮೈದುನ ಚನ್ನಪ್ಪ ಹಿರೇಹಡಗಲಿಯಲ್ಲಿದ್ದ. ಶಾಂತವ್ವನ ಎಡಗಲ್ಲದ ತುಂಬ ಸಿಡುಬಿನ ಕುಳಿಗಳು. ರೊಟ್ಟಿ ಬಡಿಯುವಾಗಲೂ ಆ ಗಲ್ಲದ ಮೇಲೆ ಸೆರಗು. ಮನೆತನದ ಮದುವೆಗಳಲ್ಲಿ ಗುಂಪು ಫೋಟೊ ತೆಗೆಯುವಾಗ ಆಕೆಗೆ ಅಡುಗೆ ಮನೆಯಲ್ಲಿ ಏನಾದರೂ ಕೆಲಸ ಹಚ್ಚುತ್ತಿದ್ದರು. ಚನ್ನಪ್ಪನ ಮಗನ ಮದುವೆ ಗೊತ್ತಾದ ವಾರ ಆಕೆ ರಸ್ತೆ ದಾಟಿ ಬಂದಳು.

"ಕತ್ತಲಾಗ ತಗೀತಿಯಂತಲ್ಲ ತಮ್ಮಾ. ನನಗ ಛಲೋ ಆತು. ಈ ಗಲ್ಲ ಕತ್ತಲಾಗ ಇಡು."

ಬಸಣ್ಣ ಮೂರು ದೀಪ ಆರಿಸಿದ. ಉಳಿದದ್ದನ್ನು ನೇರ ಆ ಗಲ್ಲದ ಮೇಲೆ ಬಿಟ್ಟ.

ಚಿತ್ರ ನೋಡಿ ಶಾಂತವ್ವ ಗಲ್ಲದ ಮೇಲಿನ ಸೆರಗು ಇನ್ನಷ್ಟು ಎಳೆದುಕೊಂಡಳು. ಕಪ್ಪುಬಿಳುಪಿನ ಆ ಚಿತ್ರವನ್ನು ದೊಡ್ಡದು ಮಾಡಿ, ಕಟ್ಟು ಹಾಕಿಸಿ, ಸ್ಟುಡಿಯೊದ ಮುಂದಿನ ಗಾಜಿನ ಕಪಾಟಿನಲ್ಲಿ ಇಡಲೇ ಎಂದು ಬಸಣ್ಣ ಕೇಳಿದ್ದಕ್ಕೆ, "ಇಡಪ್ಪ, ನನ್ನ ಯಾರು ನೋಡ್ತಾರ" ಅಂದಳು.

ಇಲ್ಲಿ ಬಸಣ್ಣ ಒಂದು ಸಂಗತಿ ಮರೆತಿದ್ದ. ನಮ್ಮ ಕಡೆ ಕಪ್ಪುಬಿಳುಪಿನಲ್ಲಿ, ಅಷ್ಟು ದೊಡ್ಡದಾಗಿ, ಕಟ್ಟು ಹಾಕಿಸಿಕೊಳ್ಳುವವರು ಸತ್ತವರು ಮಾತ್ರ.

ಮೂರನೆಯ ದಿನ ಮದುವೆಯ ಬಟ್ಟೆಗೆಂದು ಕೊಟ್ಟೂರಿಗೆ ಬಂದ ಚನ್ನಪ್ಪ ಕಪಾಟಿನಲ್ಲಿ ಅತ್ತಿಗೆಯನ್ನು ಕಂಡ. ಟವೆಲ್ ಬಾಯಿಗೆ ಒತ್ತಿಕೊಂಡು ಅಲ್ಲೇ ಕುಸಿದ. ಜೊತೆಗಿದ್ದ ಸೋದರತ್ತೆ ರಸ್ತೆಯಲ್ಲೇ ಕೂತು, ಹಾಡಿಕೊಂಡು ಅಳತೊಡಗಿದಳು: "ಬುತ್ತಿ ಕಟ್ಟೋ ಕೈಯೇ ಎಲ್ಲಿ ಹೋದ್ಯೇ, ಬಂಗಾರದಂಥ ಶಾಂತವ್ವಾ..." ಜನ ಸೇರಿದರು. ಇಬ್ಬರು ಚಪ್ಪಲಿ ಬಿಟ್ಟು ಕೈಮುಗಿದರು. ಸ್ಟುಡಿಯೊದಲ್ಲೇ ಇದ್ದ ನಾನು ಅಭ್ಯಾಸದಂತೆ ನೋಟ್‌ಪುಸ್ತಕ ತೆಗೆದೆ.

ಎದುರಿನಿಂದ ಶಾಂತವ್ವ ಸೌಟು ಹಿಡಿದೇ ಬಂದಳು. "ಯಾರ್ರೀ ಹೋದೋರು?"

"ನೀನ ಬೇ!" ಅಂದಳು ಸೋದರತ್ತೆ, ಅಳು ನಿಲ್ಲಿಸದೆ.

ತಿಳಿಯಾದ ಮೇಲೆ ಚನ್ನಪ್ಪನ ದುಃಖ ಸಿಟ್ಟಾಯಿತು. "ಬದುಕಿರೋ ಹೆಣ್ಮಗಳ್ನ ಗ್ವಾಡಿಗೆ ಏರಿಸಿಯಲ್ಲೋ! ಕೂದ್ಲ ಬಿಚ್ಚಿಸಿ, ಆ ಗಲ್ಲ ಬ್ಯಾರೆ ಊರಿಗೆಲ್ಲ ತೋರಿಸಿ... ಇಳಿಸಲೇ ಅದನ್ನ! ಅತ್ತಿಗೀ, ಇದು ಇಲ್ಲೇ ಇದ್ರ ನೀ ಮದಿವಿಗೆ ಬರಬ್ಯಾಡ."

ಬಸಣ್ಣ ಕಪಾಟಿನ ಬೀಗ ತೆಗೆದ. ಚೌಕಟ್ಟಿಗೆ ಕೈ ಹಾಕಿ ನಿಂತ. "ಶಾಂತಕ್ಕ, ನೀ ಹೇಳಿದಂಗ. ತಗೀಲೇನು?"

ಶಾಂತವ್ವ ಚಿತ್ರ ನೋಡಿದಳು. ಚಿತ್ರವೂ ಆಕೆಯನ್ನು ನೋಡಿತು.

"ಇರ್ಲಿ ಬಿಡು. ಅಳೋರು ಅತ್ರು, ಹಾಡೋರು ಹಾಡಿದ್ರು. ಸತ್ತಾಗಿನ ಮರ್ಯಾದಿ ಎಲ್ಲಾ ಮುಗೀತು. ಇನ್ನ ಅಂಜಿಕಿ ಎದಕ್ಕ?" ಗಲ್ಲದ ಮೇಲಿನ ಸೆರಗು ತೆಗೆದು ಸೊಂಟಕ್ಕೆ ಸಿಕ್ಕಿಸಿದಳು. "ಬರ್ರಿ, ಉಂಡು ಹೋಗ್ರಿ. ಅತ್ತು ಹಸಿದಿರ್ತೀರಿ."

ನಾನು ಸುದ್ದಿ ಕಳಿಸಲಿಲ್ಲ. ಬದುಕಿರುವವರು ಬದುಕಿದ್ದಾರೆ ಎಂಬುದು ಸುದ್ದಿಯಾಗುವುದಿಲ್ಲ.

ಮದುವೆಗೆ ಕರೆ ಬರಲಿಲ್ಲ. ಶಾಂತವ್ವ ಹೋದಳು. ಆ ಮದುವೆಯ ಗುಂಪು ಫೋಟೊ ನೋಡಿದ್ದೇನೆ. ಮೊದಲ ಸಾಲಿನಲ್ಲಿ, ಎಡಗಲ್ಲವನ್ನು ಬಿಸಿಲಿಗೆ ತಿರುಗಿಸಿ ಕೂತಿದ್ದಾಳೆ. ಪಕ್ಕದಲ್ಲಿ ಚನ್ನಪ್ಪ ನೆಲ ನೋಡುತ್ತಿದ್ದಾನೆ.

ಏಳೆಂಟು ವರ್ಷಗಳ ನಂತರ ಶಾಂತವ್ವ ನಿಜವಾಗಿಯೂ ತೀರಿಕೊಂಡಳು. ಹಿರೇಹಡಗಲಿಯಲ್ಲಿ ಆಕೆಯ ಹೆಸರಿನಲ್ಲಿ ಶಿವಗಣಾರಾಧನೆ, ಊಟ. ಚನ್ನಪ್ಪನೇ ಕೊಟ್ಟೂರಿಗೆ ಬಂದು ಅದೇ ಚಿತ್ರ ಕೇಳಿದ. ಬಸಣ್ಣ ಕೊಟ್ಟ, ಒಂದು ಷರತ್ತಿನ ಮೇಲೆ. "ಇದಕ್ಕ ಹಾರ ಹಾಕಂಗಿಲ್ಲ. ಇದು ಬದುಕಿರೋ ಶಾಂತಕ್ಕನ ಫೋಟೊ ಅಂತ ಅವತ್ತ ಊರ ಮುಂದ ಇತ್ಯರ್ಥ ಆಗೇತಿ." ಮಾತು ಉಳಿಸಿಕೊಳ್ಳುತ್ತಾರೋ ಇಲ್ಲವೋ ನೋಡಬೇಕೆಂದು ತಾನೂ ಹೊರಟ. ನಾನೂ ಹೋದೆ.

ಚಿತ್ರ ಪಡಸಾಲೆಯಲ್ಲಿತ್ತು. ಊಟಕ್ಕೆ ಮುಂಚೆ ಮುದುಕಿ ಸೋದರತ್ತೆ ಮಾರುದ್ದದ ಮಲ್ಲಿಗೆ ಹಾರ ಹಿಡಿದು ಮೇಲಕ್ಕೆ ಕೈ ಚಾಚಿದಳು. ಬಸಣ್ಣ ಹೋಗಿ, "ಕೊಡ್ರಿ ಯವ್ವಾ, ನಾ ಹಿಡ್ಕೊಂತೀನಿ" ಅಂದ. ಇಸಿದುಕೊಂಡ ಮೇಲೆ ಅದನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಕೆಳಗಿಡುವಂತಿಲ್ಲ, ಮೇಲೆ ಹಾಕುವಂತಿಲ್ಲ. ಎಡಗೈಯಲ್ಲಿ ಹಾರ ಹಿಡಿದುಕೊಂಡೇ ಹುಗ್ಗಿ ಉಂಡ. ನಾಲ್ಕು ಮಂದಿ ಕೇಳಿದರು, ಇನ್ನಷ್ಟು ಹುಗ್ಗಿ ಹಾಕಿಸಿಕೊಂಡ.

ನಾನು ಬೇರೆ ದಾರಿ ಹೋಗಬೇಕಿತ್ತು. ಸಂಜೆ ಅವನನ್ನು ಬಸ್ಸಿಗೆ ಹತ್ತಿಸಿದೆ. ಅದೇ ಕೊನೆ, ಮತ್ತೆ ಅವನನ್ನು ಕಾಣಲಿಲ್ಲ. ಬಾಗಿಲಲ್ಲಿದ್ದ ಕಂಡಕ್ಟರು ಅವನ ಕೈಯಲ್ಲಿನ್ನೂ ಇದ್ದ ಹಾರ ನೋಡಿ, ಸರಿದು ದಾರಿ ಬಿಟ್ಟು, "ಯಾವ ಸಾಹೇಬ್ರು ಬರಾಕತ್ತಾರ್ರೀ?" ಅಂದ.

"ಯಾರೂ ಬರಂಗಿಲ್ಲ, ಯಾರೂ ಹೋಗಿಲ್ಲ," ಅಂದ ಬಸಣ್ಣ. "ಒಂದು ಕೊಟ್ಟೂರು ಕೊಡು."