ಕರಿ ರಟ್ಟು, ಕೆಂಪು ರಟ್ಟು

ಬೈಂಡಿಂಗ್ ಅಂಗಡಿಯ ಗೋಂದಣ್ಣನಿಗೆ ಆ ಹೆಸರು ಬಂದದ್ದು ಬೆರಳ ತುದಿಯಲ್ಲಿ ಸದಾ ಒಣಗಿರುತ್ತಿದ್ದ ಗೋಂದಿನಿಂದ. ಹೆಸರಿಗಷ್ಟೇ ಗೋಂದು, ಅವನಿಗೆ ಅಂಟಿಕೊಂಡವರು ಯಾರೂ ಇರಲಿಲ್ಲ. ಬೆಳಿಗ್ಗೆ ಬೀಗ ತೆಗೆದರೆ ಸಂಜೆ ಹಾಕುವ ತನಕ ಅವನ ಒಡನಾಟವೆಲ್ಲ ರಟ್ಟು, ದಾರ, ದಬ್ಬಳದ ಜೊತೆಗೇ.

ಅವನ ಕಪಾಟಿನಲ್ಲಿ ಎರಡು ಕಡತಗಳಿದ್ದವು. ಎರಡನ್ನೂ ಅವನೇ ಹೊಲಿದದ್ದು. ಕರಿ ರಟ್ಟಿನದರಲ್ಲಿ ಮನಸ್ಸಿನ ಡಾಕ್ಟರ ಚೀಟಿಗಳು, ಕೆಂಪು ರಟ್ಟಿನದರಲ್ಲಿ ಹೃದಯದ ಡಾಕ್ಟರಮ್ಮನವು. ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತಿಲ್ಲ. ಮಾತ್ರೆ ಕೊಳ್ಳುವ ಅಂಗಡಿಗಳೂ ಬೇರೆ ಬೇರೆ: ಕೆಂಪಿನದು ಪಕ್ಕದ ಬೀದಿಯಲ್ಲಿ, ಕರಿಯದು ಎರಡು ಬಸ್ಸು ಬದಲಾಯಿಸಿ ಹೋಗುವಷ್ಟು ದೂರದಲ್ಲಿ. ಇದೆಂಥ ಹುಚ್ಚಾಟ ಅಂತೀರಾ? ಪೂರ್ತಿ ಕೇಳಿ, ಆಮೇಲೆ ಹೇಳಿ.

ಎಂಟು ವರ್ಷದ ಹಿಂದೆ ಒಂದು ಮಧ್ಯಾಹ್ನ ಎದೆ ಹಿಂಡಿದಂತಾಗಿ, ಬೆವರು ಕಿತ್ತುಕೊಂಡು ಬಂದು, ಅಕ್ಕನ ಭುಜ ಹಿಡಿದು ಆಸ್ಪತ್ರೆಗೆ ಹೋಗಿದ್ದ. ಮನಸ್ಸು ಕುಸಿದು ಮಾತ್ರೆ ಶುರುವಾಗಿ ಆಗ ಎರಡು ವರ್ಷ. ಅಲ್ಲಿನ ಡಾಕ್ಟರು ಮಾತ್ರೆಯ ಹೆಸರು ಓದಿದರು, ಅಷ್ಟೇ. ಒಂದು ಇಸಿಜಿ ಕೂಡ ತೆಗೆಯಲಿಲ್ಲ. "ಇದು ಮನಸ್ಸಿನದ್ದೇ. ಮನೆಗೆ ಹೋಗಿ ಮಲ್ಕೊಳ್ಳಿ" ಎಂದು ಚೀಟಿ ಬರೆದುಕೊಟ್ಟರು. ಹೊರಗೆ ಬಂದ ಅಕ್ಕ, "ನಾಲ್ಕು ಜನರ ಮುಂದೆ ಮಾನ ಕಳೆದ್ಯಲ್ಲೋ! ಎಲ್ಲಾ ನಿನ್ನ ನಾಟಕ" ಅಂದಳು. ಆಮೇಲೆ ಅವಳು ಬರುವುದು ಕಡಿಮೆಯಾಗಿ, ಕೊನೆಗೆ ನಿಂತೇಹೋಯಿತು. ಮೂರು ದಿನ ಒಬ್ಬನೇ ಮಲಗಿದ್ದವನು, ನೋವೇ ಸುಳ್ಳು ಎಂದು ನಂಬಿಕೊಂಡು ಎದ್ದ. ತನ್ನ ಎದೆಯನ್ನೇ ನಂಬದ ಮನುಷ್ಯ ಇನ್ಯಾರನ್ನು ನಂಬಿಯಾನು!

ಹಾಗಾಗಿ ಈ ವರ್ಷ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿ ಹೃದಯದ ಡಾಕ್ಟರಮ್ಮನ ಹತ್ತಿರ ಹೋದಾಗ ಅವನ ಬಾಯಿಗೆ ಬೀಗ ಬಿದ್ದಿತ್ತು.

"ಹೃದಯದಲ್ಲಿ ಒಂದು ಹಳೇ ಕಲೆ ಕಾಣ್ತಿದೆ. ಹಿಂದೆ ಯಾವಾಗಾದ್ರೂ ಎದೆನೋವು ಬಂದಿತ್ತಾ?"

"ಇಲ್ಲ."

"ಬೇರೆ ಏನಾದ್ರೂ ಮಾತ್ರೆ ತಗೋತೀರಾ?"

"ಇಲ್ಲ ಡಾಕ್ಟ್ರೇ."

ಹೇಳಿಬಿಟ್ಟರೆ ಈಕೆಯೂ ಮನೆಗೆ ಅಟ್ಟುತ್ತಾಳೆಂಬ ಭಯ. ಡಾಕ್ಟರಮ್ಮ ಬಡಿತ ತಪ್ಪದಿರಲು ಹೊಸ ಮಾತ್ರೆ ಬರೆದರು.

ಅವತ್ತೇ ಕರಿಯದರ ಮಾತ್ರೆಯೂ ಮುಗಿದಿತ್ತು, ದೂರದ ಅಂಗಡಿಯೋ ಬಾಗಿಲು ಹಾಕಿತ್ತು. ಬೇರೆ ದಾರಿ ಕಾಣದೆ, ಹೊಸ ಚೀಟಿಯ ಜೊತೆ ಕರಿಯದರ ಖಾಲಿ ಮಾತ್ರೆಪಟ್ಟಿಯನ್ನೂ ಪಕ್ಕದ ಬೀದಿಯಲ್ಲೇ ಕೊಟ್ಟ. ಔಷಧಿ ಅಂಗಡಿಯಾಕೆ ಎರಡನ್ನೂ ತಿರುಗಿಸಿ ನೋಡಿದಳು.

"ಅಣ್ಣಾ, ಇವೆರಡೂ ಒಬ್ಬರಿಗೇನಾ?"

"ಅಲ್ಲಮ್ಮ. ಅದು ನಮ್ಮ ತಮ್ಮಂಗೆ."

"ಹಾಗಾದ್ರೆ ಸರಿ. ಇವೆರಡನ್ನೂ ಒಬ್ಬರೇ ತಗೊಂಡ್ರೆ ಬಡಿತ ಏರುಪೇರಾಗಿ ಕುಸಿದು ಬೀಳ್ಬಹುದು. ಡಾಕ್ಟರನ್ನ ಕೇಳದೆ ತಗೋಬಾರ್ದು."

ತಮ್ಮನೇ ಇಲ್ಲದ ಗೋಂದಣ್ಣ ಎರಡನ್ನೂ ತಂದು ಮೇಜಿನ ಮೇಲಿಟ್ಟು, ಯಾವುದನ್ನೂ ನುಂಗದೆ ಕುಳಿತ. ಕರಿಯದನ್ನು ಬಿಟ್ಟರೆ ಹಾಸಿಗೆಯಿಂದ ಏಳಲೂ ಆಗದ ಆ ಹಳೆಯ ದಿನಗಳು ಮತ್ತೆ ಶುರು. ಎರಡನ್ನೂ ನುಂಗಿ ಬಿದ್ದರೆ, ಬಾಗಿಲು ಒಡೆದು ಒಳಗೆ ಬರುವವರಾದರೂ ಯಾರು?

ಮರುದಿನ ಅಂಗಡಿ ತೆರೆದವನು ಗಿರಾಕಿಗಳ ಕೆಲಸ ಮುಟ್ಟಲಿಲ್ಲ. ಎರಡೂ ಕಡತಗಳ ಹೊಲಿಗೆ ಬಿಚ್ಚಿ, ಹಾಳೆಗಳನ್ನು ತಾರೀಖಿನ ಪ್ರಕಾರ ಬೆರೆಸಿ, ಒಂದೇ ದಾರದಲ್ಲಿ ಹೊಲಿದ. ಮುಂದಕ್ಕೆ ಕರಿ ರಟ್ಟು, ಹಿಂದಕ್ಕೆ ಕೆಂಪು. ಗೋಂದು ಒಣಗಲೂ ಬಿಡದೆ ಒಯ್ದು ಡಾಕ್ಟರಮ್ಮನ ಮುಂದಿಟ್ಟು, ಆದದ್ದಾಗಲಿ ಎಂದು ಬೈಸಿಕೊಳ್ಳಲು ತಯಾರಾಗಿ ನಿಂತ.

ಆಕೆ ಹಾಳೆ ತಿರುಗಿಸುತ್ತ, ಎದೆನೋವು, ಬೆವರು ಎಂದು ಬರೆದಿದ್ದ ಎಂಟು ವರ್ಷ ಹಳೆಯ ಆಸ್ಪತ್ರೆ ಚೀಟಿಯ ಹತ್ತಿರ ನಿಂತರು. "ಈ ಕಲೆ ಅವತ್ತಿಂದೇ ಇರ್ಬೇಕು. ಅವತ್ತು ನಿಮಗೆ ಹಾರ್ಟ್ ಅಟ್ಯಾಕ್ ಆಗಿದೆ ಕಣ್ರೀ. ಯಾರೂ ನೋಡಿಲ್ಲ."

"ಅಂದ್ರೆ... ಅದು ನಾಟಕ ಅಲ್ವಾ ಡಾಕ್ಟ್ರೇ?"

"ಅಲ್ಲಪ್ಪ."

ಆಕೆ ಮನಸ್ಸಿನ ಡಾಕ್ಟರಿಗೆ ಫೋನು ಮಾಡಿ ಮಾತಾಡಿ, ಕರಿಯದನ್ನು ಹಾಗೇ ಉಳಿಸಿ, ಹೊಸ ಮಾತ್ರೆಯನ್ನು ಬದಲಾಯಿಸಿದರು.

ಹೊರಗಿನ ಬೆಂಚಿನಲ್ಲಿ ಕುಳಿತು ಗೋಂದಣ್ಣ ಅಕ್ಕನಿಗೆ ಫೋನು ಮಾಡಿದ. ಆ ನಂಬರು ಈಗ ಇನ್ಯಾರದೋ ಆಗಿತ್ತು. "ರಾಂಗ್ ನಂಬರ್ ರೀ" ಎಂದು ಇಟ್ಟುಬಿಟ್ಟರು. ಎಂಟು ವರ್ಷದ ಮಾತು, ಪಾಪ, ಬಾಯಲ್ಲೇ ಉಳಿಯಿತು.

ಸಂಜೆ ಔಷಧಿ ಅಂಗಡಿಯಾಕೆ ಹೊಸ ಚೀಟಿ ತೆಗೆದುಕೊಳ್ಳುತ್ತ ಕೇಳಿದಳು: "ನಿಮ್ಮ ತಮ್ಮ ಹೇಗಿದ್ದಾರೆ ಅಣ್ಣಾ?"

"ತಮ್ಮ ಇಲ್ಲಮ್ಮ. ಎರಡೂ ನಂಗೇ. ನಂಗೆ ಹಿಂದೆ ಹಾರ್ಟ್ ಅಟ್ಯಾಕ್ ಆಗಿತ್ತು. ನಿಜವಾಗ್ಲೂ ಆಗಿತ್ತು."

ಹಿಂದೆ ಸಾಲಿನಲ್ಲಿ ನಿಂತವರಿಗೆಲ್ಲ ಕೇಳಿಸಿತು. ಅವನು ದನಿ ತಗ್ಗಿಸಲಿಲ್ಲ.