ಕತ್ತಿಯ ಹಿಂಬದಿ

ತೊಂಬತ್ತರ ದಶಕದಲ್ಲಿ ನಮ್ಮ ಯಜಮಾನರು ವನಗೂರಿನ ಆಚೆ ಒಂದು ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದರು. ಕೂಲಿಯವರ ಸಾಲುಮನೆಗಳ ಲೈನಿನ ಕೊನೆಯ ಮನೆಯಲ್ಲಿ ಸಿಲೋನಿನಿಂದ ಓಡಿಬಂದ ತಮಿಳನೊಬ್ಬನಿದ್ದ. ಅಲ್ಲಿಯ ಯುದ್ಧದಲ್ಲಿ ಹೆಂಡತಿ ಒಂದು ದಿಕ್ಕು, ಕೂಸನ್ನು ಎತ್ತಿಕೊಂಡ ಇವನು ಒಂದು ದಿಕ್ಕು. ಅವಳು ಹೇಗೋ ಹಿಮ ಬೀಳುವ ದೇಶವೊಂದನ್ನು ಸೇರಿ ಆಶ್ರಯ ಪಡೆದಿದ್ದಳು. ಗಂಡನನ್ನೂ ಮಗಳನ್ನೂ ಕರೆಸಿಕೊಳ್ಳಲು ಅರ್ಜಿ ಹಾಕಿದ್ದಳು. ಆ ಒಂದು ಆಸೆಯಲ್ಲೇ ಇವನು ಜೀವ ಹಿಡಿದುಕೊಂಡಿದ್ದ.

ಅಷ್ಟರಲ್ಲಿ ನಲ್ಲಿಯ ಹತ್ತಿರ ಜಗಳವಾಯಿತು. ಪಕ್ಕದ ಮನೆಯವನು ಇವನ ಮಗಳ ಕೊಡ ಒದ್ದ. ತೋಟದಲ್ಲಿ ನೆರಳುಮರಗಳ ಕೊಂಬೆ ಸವರುವ ಮರಗಸಿ ಮುಗಿಸಿ ಬರುತ್ತಿದ್ದ ಇವನು ಸೊಂಟದ ಕತ್ತಿ ತೆಗೆದು, ಅದರ ಹಿಂಬದಿಯಿಂದ ಅವನ ಭುಜಕ್ಕೆ ಒಂದು ಬಿಟ್ಟ. ಮೂಳೆಯೇನೂ ಮುರಿಯಲಿಲ್ಲ, ಊದಿಕೊಂಡಿತು ಅಷ್ಟೆ. ತೋಟದ ಕೆಲಸದವರಲ್ಲಿ ಕತ್ತಿ ಸಿಕ್ಕಿಸದ ಸೊಂಟ ಯಾವುದಿದೆ? ಆದರೆ ಪಕ್ಕದ ಮನೆಯವನು ದೂರು ಕೊಟ್ಟಾಗ ಪೊಲೀಸರ ಕನ್ನಡದಲ್ಲಿ ಅದು ಮಾರಕಾಯುಧವಾಯಿತು.

ಸಕಲೇಶಪುರದ ಕೋರ್ಟಿನಲ್ಲಿ ವಕೀಲ, "ಒಪ್ಕಂಡ್ಬುಡು ಮಾರಾಯ, ದಂಡ ಹಾಕಿ ಕಳಿಸ್ತಾರೆ. ಇಲ್ಲಾಂದ್ರೆ ವರ್ಷಗಟ್ಲೆ ಅಲೀತೀಯ" ಎಂದನಂತೆ. ಹೊಡೆದದ್ದು ನಿಜವಲ್ಲವೇ, ಇವನು ಒಪ್ಪಿಕೊಂಡು ದಂಡ ಕಟ್ಟಿದ. ಸಂಜೆ ಹೊಡೆದವನೂ ಹೊಡೆಸಿಕೊಂಡವನೂ ಒಂದೇ ಬಸ್ಸಿನಲ್ಲಿ ಪಕ್ಕಪಕ್ಕ ಕೂತು ಬಂದರು. ಅದನ್ನು ನೋಡಿ ನಾನು ನಕ್ಕಿದ್ದೆ.

ಮುಂದಿನ ವರ್ಷ ಅರ್ಜಿಯ ವಿಚಾರಣೆಗೆ ಆ ದೇಶದ ಕಚೇರಿಯವರು ಮದ್ರಾಸಿಗೆ ಕರೆದರು. ಕೋರ್ಟಿನಲ್ಲಿ ಶಿಕ್ಷೆಯಾಗಿದೆಯೇ ಎಂದು ಕೇಳಿದ್ದಕ್ಕೆ ಇವನು ಇದ್ದದ್ದನ್ನು ಇದ್ದಹಾಗೆ ಹೇಳಿದ. ಆಯುಧ ಹಿಡಿದು ಹಲ್ಲೆ ಮಾಡಿದವನಿಗೆ ಆ ದೇಶದಲ್ಲಿ ಜಾಗವಿಲ್ಲ, ಮಗಳು ಮಾತ್ರ ಬರಬಹುದು ಎಂದರಂತೆ.

ಹೊಡೆಸಿಕೊಂಡವನ ತಲೆಗೆ ಇದು ಹೋಗಲೇ ಇಲ್ಲ. ನಮ್ಮ ಜಗಲಿಯಲ್ಲಿ ಕೂತು ಯಜಮಾನರಿಗೆ, "ಏಟು ತಿಂದೋನು ನಾನು ಕಣ್ರೀ. ನಂಗೇ ಸಿಟ್ಟಿಲ್ಲ, ಅವ್ರಿಗೇನೈತೆ? ಕೇಸು ವಾಪಸ್ ತಗಂಡ್ಬುಡ್ತೀನಿ ನಡೀರಿ" ಎಂದ. ಮೂವರೂ ವಕೀಲನ ಹತ್ತಿರ ಹೋದರು. ಮುಗಿದ ಕೇಸನ್ನು ಎಲ್ಲಿಂದ ವಾಪಸ್ ತೆಗೆದುಕೊಳ್ಳುವುದು, ಇವನೇ ತಪ್ಪು ಒಪ್ಪಿಕೊಂಡ ಮೇಲೆ ಅಪೀಲೂ ನಿಲ್ಲುವುದಿಲ್ಲ ಎಂದು ಅವನು ಕೈಚೆಲ್ಲಿದ. ಕೇಳಿ ನನಗೆ ಮೈಯೆಲ್ಲ ಉರಿಯಿತು. ಆದರೆ ಒಪ್ಪಿಕೋ ಎಂದ ಆವತ್ತು ವಕೀಲನಿಗೆ ಹೊರದೇಶದ ಅರ್ಜಿಯ ಸಂಗತಿ ಗೊತ್ತಿರಲಿಲ್ಲ, ಯಾರೂ ಹೇಳಿರಲಿಲ್ಲ. ಯಾರನ್ನು ಬೈಯಬೇಕೆಂದೇ ತಿಳಿಯದೆ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಹುಡುಗಿಯನ್ನು ಕರೆದೊಯ್ಯಲು ಹೆಂಡತಿಯ ತಮ್ಮ ಬಂದ. ಜೀಪು ಲೈನಿನ ಮುಂದೆ ನಿಂತಿತ್ತು. ಅವಳಿಗೆ ತಾಯಿಯ ಮುಖವೇ ನೆನಪಿಲ್ಲ. ಲೈನಿನಲ್ಲೇ ಬೆಳೆದು ಬಾಯಿಗೆ ನಮ್ಮ ಮಾತೇ ಬರುತ್ತಿತ್ತು. "ನೀನೂ ಬಾ ಅಪ್ಪ" ಎಂದು ಅವನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಹಿಂದಿಂದೇ ಬತ್ತೀನಿ ಕಣಮ್ಮ" ಎಂದು ಅವನು ಹೇಳುತ್ತಲೇ ಇದ್ದ. ಬೆರಳು ಬಿಡಿಸಲು ಮಾತ್ರ ಅವನಿಂದ ಆಗಲಿಲ್ಲ. ಕೊನೆಗೆ ನಾನು ಬಿಡಿಸಿದೆ.