ಕಾಕು ಗಿರಾಕಿಯಾದ ಮಧ್ಯಾಹ್ನ

ಕಳೆದ ತಿಂಗಳು ಗೆಳತಿಯ ಮಗಳ ಮದುವೆಗೆಂದು ನಾಶಿಕಕ್ಕೆ ಹೋಗಿದ್ದೆ. ಸಾತಪುರದ ಹತ್ತಿರ ಶೇರ್ ರಿಕ್ಷಾದಲ್ಲಿ ಕೂತಿದ್ದಾಗ ಪಾಳಿ ಮುಗಿಸಿದ ಕಾರ್ಮಿಕರೊಬ್ಬರು ಬಂದು ಪಕ್ಕದಲ್ಲಿ ಕೂತರು. ಅವರ ನೀಲಿ ಅಂಗಿಯಿಂದ ಯಂತ್ರದ ಎಣ್ಣೆಯ ವಾಸನೆ ಬರುತ್ತಿತ್ತು, ಮಡಿಲಲ್ಲಿದ್ದ ಡಬ್ಬಿಯಿಂದ ಬೆಳ್ಳುಳ್ಳಿ ಒಗ್ಗರಣೆಯದ್ದು. ಎರಡೂ ಸೇರಿ ಮೂಗಿಗೆ ಬಡಿದದ್ದೇ ತಡ, ನಾನು ರಿಕ್ಷಾ ನಿಲ್ಲಿಸಿ ಇಳಿದುಬಿಟ್ಟೆ. ಇಳಿಯಬೇಕಾದ ಜಾಗ ಇನ್ನೂ ಎಷ್ಟೋ ಮುಂದಿತ್ತು...

ಆ ಎರಡು ವಾಸನೆ ಒಟ್ಟಿಗೆ ಇರುತ್ತಿದ್ದ ಜಾಗ ನನಗೆ ಗೊತ್ತಿದ್ದದ್ದು ಒಂದೇ, ಎಲ್ಲರೂ ಚಿಕ್ಕಮ್ಮ ಎಂಬಂತೆ ಕಾಕು ಎಂದು ಕರೆಯುತ್ತಿದ್ದವರ ಹೋಟೆಲ್.

ಬ್ಯಾಂಕಿನಲ್ಲಿ ಬಡ್ತಿ ಸಿಕ್ಕಿ ಗದಗಿನಿಂದ ನಾಶಿಕಕ್ಕೆ ಬಂದಾಗ ನನಗಿನ್ನೂ ಮೂವತ್ತು ತುಂಬಿರಲಿಲ್ಲ. ಮರಾಠಿ ಬರುತ್ತಿರಲಿಲ್ಲ, ಅಡಿಗೆಯಂತೂ ಮೊದಲೇ ಬರುತ್ತಿರಲಿಲ್ಲ. ಬಾಡಿಗೆ ಖೋಲಿಯಲ್ಲಿ ಒಂದು ವಾರ ಬ್ರೆಡ್ಡು ತಿಂದು ಕಳೆದ ಮೇಲೆ ಶಾಖೆಯ ಸಿಪಾಯಿ ಆ ಹೋಟೆಲನ್ನು ತೋರಿಸಿದ. ತಗಡಿನ ಸೂರು, ಆರು ಟೇಬಲ್ಲು, ಗಲ್ಲಾದ ಹಿಂದೆ ಕಾಕುವಿನ ಗಂಡ ಕಾಕಾ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು. ನಾನು ಫೋನಿನಲ್ಲಿ ಅಮ್ಮನ ಜೊತೆ ಮಾತಾಡುತ್ತಿದ್ದುದು ಆ ಸದ್ದಿನ ನಡುವೆಯೂ ಕೇಳಿಸಿತೇನೋ, ಕೈತುಂಬ ಹಿಟ್ಟು ಮೆತ್ತಿಕೊಂಡ ಹೆಂಗಸೊಬ್ಬರು ಹೊರಗೆ ಓಡಿಬಂದರು. ಅವರೇ ಕಾಕು.

"ಕನ್ನಡದಾವ್ರೇನ್ರಿ? ಬರ್ರಿ, ಬರ್ರಿ ಬಾಯಾರ, ಒಳಗ ಬರ್ರಿ!"

ಅಂದಿನಿಂದ ಮೂರು ವರ್ಷ ನನ್ನ ಎರಡು ಹೊತ್ತಿನ ಊಟ ಅಲ್ಲೇ.

ಕಾಕಾ ಅವರ ತಂದೆ ಅಥಣಿ ಕಡೆಯವರು. ಸಾತಪುರದಲ್ಲಿ ಕಾರ್ಖಾನೆಗಳು ಎದ್ದು ನಿಲ್ಲುತ್ತಿದ್ದ ಕಾಲಕ್ಕೆ ಬಂದು ಚಹಾದಂಗಡಿ ಇಟ್ಟು, ಆಗ ಯಾರಿಗೂ ಬೇಡವಾಗಿದ್ದ ಆ ತುಂಡು ಜಾಗವನ್ನು ಕೊಂಡಿದ್ದರಂತೆ. ಚಹಾದಂಗಡಿ ಖಾನಾವಳಿಯಾಯಿತು, ಖಾನಾವಳಿಗೆ ಬೋರ್ಡು ಬಂದು ಫ್ಯಾಮಿಲಿ ರೆಸ್ಟೋರೆಂಟ್ ಆಯಿತು. ಮನೆ ಮಾತ್ರ ಅಡಿಗೆಮನೆಯ ಹಿಂದಿನ ಒಂದೇ ಖೋಲಿ. ನಡುವೆ ಬಾಗಿಲಿರಲಿಲ್ಲ, ಹಳೆಯ ಸೀರೆಯೊಂದನ್ನು ಪರದೆಯಾಗಿ ಕಟ್ಟಿದ್ದರು. ನೀರು ಬೇಕಾದವರು, ಇನ್ನೊಂದು ರೊಟ್ಟಿ ಬೇಕಾದವರು, ಮೊಬೈಲು ಚಾರ್ಜಿಗೆ ಹಚ್ಚಬೇಕಾದವರು ಎಲ್ಲರೂ ಆ ಪರದೆ ಸರಿಸಿ "ಕಾಕು" ಎಂದು ಕೂಗುತ್ತಿದ್ದರು. ಮಗಳು ಹುಟ್ಟಿದ ದಿನವೂ ಯಾರೋ ಇಣುಕಿ ಇವತ್ತು ಕಡಲೆಹಿಟ್ಟಿನ ಝುಣಕ ಇದೆಯಾ ಎಂದು ಕೇಳಿದ್ದರಂತೆ. ಕಾಕು ಅದನ್ನು ಹೇಳಿ ಹೇಳಿ ನಗುತ್ತಿದ್ದರು.

ಕುಂಭಮೇಳಕ್ಕೆ ಇನ್ನೆರಡು ವರ್ಷವಿತ್ತು. ಊರಿನ ರಸ್ತೆಗಳೆಲ್ಲ ಅಗಲವಾಗತೊಡಗಿದ್ದವು. ಒಂದು ದಿನ ಬಿಲ್ಡರನೊಬ್ಬ ಊಟಕ್ಕೆ ಬಂದು, ಕೈ ತೊಳೆದುಕೊಂಡು, ಜಾಗ ಕೊಡುತ್ತೀರಾ ಎಂದು ಕೇಳಿದ. ಅಲ್ಲಿ ಏಳು ಅಂತಸ್ತು ಎಬ್ಬಿಸುತ್ತಾನಂತೆ. ಇವರಿಗೆ ಮೂರನೇ ಮಾಳಿಗೆಯಲ್ಲಿ ಒಂದು ಮನೆ, ಮೇಲೆ ಒಂದಿಷ್ಟು ಹಣ. ಕಾಕಾ ಒಲ್ಲೆನೆಂದು ತಲೆಯಾಡಿಸಿ ಕಳಿಸಿದರು. ಆದರೆ ಸಂಜೆ ನಾನು ಹೋದಾಗ ಕಾಕುವಿನ ಮುಖ ಹೊಳೆಯುತ್ತಿತ್ತು.

"ಬಾಯಾರ, ನನಗ ರೊಕ್ಕದ ಆಸೆ ಇಲ್ರಿ. ಬಾಗಲಾ ಇರೋ ಮನೀ ಬೇಕು. ಒಳಗಿಂದ ಕಡೀ ಹಾಕ್ಕೊಂಡು, ಯಾರ ಬಡದ್ರೂ ತಗೀದಂಗ ಕುಂದರಬೇಕು. ಇಪ್ಪತ್ತಾರ ವರ್ಷ ಆತು, ಅದೊಂದ ಆಸೆ."

ಹಾಗೆ ಶುರುವಾಯಿತು ನಮ್ಮ ತಿರುಗಾಟ. ರವಿವಾರ ಮಧ್ಯಾಹ್ನದ ಗದ್ದಲ ಮುಗಿದ ಕೂಡಲೇ ಕಾಕು ಇಸ್ತ್ರಿ ಸೀರೆಯುಟ್ಟು ನನ್ನ ಸ್ಕೂಟಿಯ ಹಿಂದೆ ಕೂರುತ್ತಿದ್ದರು. ಮನೆ ಅಂದರೆ ಹೇಗಿರುತ್ತದೆಂದು ಮೊದಲೇ ನೋಡಿಟ್ಟುಕೊಳ್ಳಬೇಕು ಎಂಬುದು ಅವರ ವಾದ. ಗಂಗಾಪುರ ರಸ್ತೆ, ಇಂದಿರಾನಗರ, ಪಾಥರ್ಡಿ ಫಾಟಾ... ಎಲ್ಲೆಲ್ಲಿ ಸ್ಯಾಂಪಲ್ ಫ್ಲ್ಯಾಟ್ ಎಂದು ಬೋರ್ಡು ಕಂಡಿತೋ ಅಲ್ಲೆಲ್ಲ ಇಳಿದೆವು. ಅಡಿಗೆಕಟ್ಟೆಯ ಕಲ್ಲು, ನೆಲದ ಟೈಲ್ಸು ಯಾವುದನ್ನೂ ಅವರು ನೋಡುತ್ತಿರಲಿಲ್ಲ. ಬಾಗಿಲುಗಳನ್ನು ಮಾತ್ರ ಹಾಕಿ ತೆಗೆದು ಮಾಡುತ್ತಿದ್ದರು.

ಒಂದು ಕಡೆಯಂತೂ ಮಲಗುವ ಕೋಣೆಯೊಳಗೆ ಹೋಗಿ ಚಿಲಕ ಹಾಕಿಕೊಂಡವರು ಹೊರಗೆ ಬರಲೇ ಇಲ್ಲ. ಟೈ ಕಟ್ಟಿದ ಏಜೆಂಟ್ ಬೆವರತೊಡಗಿದ. "ಮ್ಯಾಡಮ್, ಲಾಕ್ ಜಾಮ್ ಝಾಲಾ ಕಾ?" ಬೀಗ ಸಿಕ್ಕಿಕೊಂಡಿತೇ ಎಂದು ನನ್ನನ್ನು ಕೇಳಿದ. ನಾನು ಬಾಗಿಲು ಬಡಿದೆ.

"ಬಡೀಬ್ಯಾಡ್ರಿ ಬಾಯಾರ, ಇನ್ನ ಎಲ್ಡ ಮಿಂಟ!" ಒಳಗಿನಿಂದ ದನಿ ಬಂತು.

ಹೊರಗೆ ಬಂದಾಗ ಅವರ ಮುಖ ನೋಡಬೇಕಿತ್ತು. ದಾರಿಯಲ್ಲಿ ಕಬ್ಬಿನ ಹಾಲು ಕುಡಿಯುತ್ತ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆದರೆ ಜಾಗ ಇದ್ದದ್ದು ಕಾಕಾ ಹೆಸರಿನಲ್ಲಿ. ಕಾಕಾ ಕೆಟ್ಟವರಲ್ಲ, ಹಟಮಾರಿಯೂ ಅಲ್ಲ. ಹೆದರಿದ್ದರು, ಅಷ್ಟೇ. "ಗಲ್ಲಾದ ಮುಂದ ಕುಂಡ್ರೋದು ಬಿಟ್ರ ನನಗೇನ ಬರ್ತೈತ್ರಿ? ಮೂರನೇ ಮಾಳಿಗಿ ಮ್ಯಾಲ ಕುಂತು ಯಾರ ಮಾರಿ ನೋಡ್ಲಿ?" ಎಂದು ಒಮ್ಮೆ ನನ್ನ ಬಳಿ ಹೇಳಿದ್ದರು. ಬಿಲ್ಡರ್ ತಿಂಗಳ ಕೊನೆಯವರೆಗೆ ಕಾಯುತ್ತೇನೆಂದ. ಆಮೇಲೆ ರಸ್ತೆಯ ಆಚೆ ಬದಿಯ ಜಾಗ ಹಿಡಿಯುತ್ತಾನಂತೆ. ಮೂರು ವಾರ ಕಳೆಯಿತು. ಕಾಕು ಜಗಳವಾಡಲಿಲ್ಲ. ಅದೇ ನನಗೆ ಭಯ ಹುಟ್ಟಿಸಿತ್ತು.

ಏಪ್ರಿಲ್ ತಿಂಗಳು. ಬ್ಯಾಂಕಿನಿಂದ ಊಟಕ್ಕೆ ಹೋಗಿದ್ದೆ. ಆರೂ ಟೇಬಲ್ಲು ತುಂಬಿ, ಬಾಗಿಲಲ್ಲಿ ಜನ ಕಾಯುತ್ತಿದ್ದರು. ಇದ್ದಕ್ಕಿದ್ದಂತೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಕಾಕು ಕೈ ತೊಳೆದು ಸೆರಗಿಗೆ ಒರೆಸಿಕೊಳ್ಳುತ್ತ ಹೊರಗೆ ಬಂದು, ನನ್ನ ಎದುರು ಆಗಷ್ಟೇ ಖಾಲಿಯಾದ ಕುರ್ಚಿಯಲ್ಲಿ ಕೂತರು. ಇಷ್ಟು ವರ್ಷದಲ್ಲಿ ಅವರು ಆ ಕುರ್ಚಿಗಳ ಮೇಲೆ ಕೂತದ್ದನ್ನು ಯಾರೂ ನೋಡಿರಲಿಲ್ಲ.

"ಮಾಲಕರ, ಒಂದ ಊಟಾ ಕೊಡ್ರಿ. ಬಿಸಿ ರೊಟ್ಟಿ ಇರ್ಲಿ."

ಕಾಕಾ ನಕ್ಕರು. ಕಾಕು ನಗಲಿಲ್ಲ.

"ಏನ ಹಚ್ಚೀದಿ ಇದನ? ಮಂದಿ ಕುಂತಾರ."

"ನಾನೂ ಮಂದೀನ ಇವತ್ತ. ಗಿರಾಕಿ."

ಕಾಕಾ ಒಂದು ಸಲ ನನ್ನ ಕಡೆ ನೋಡಿದರು. ನಾನು ತಾಟಿನ ಕಡೆ ನೋಡಿದೆ. ಆಮೇಲೆ ಅವರು ಗಲ್ಲಾ ಬಿಟ್ಟು ಎದ್ದು ಪರದೆ ಸರಿಸಿ ಒಳಗೆ ಹೋದರು. ಟಪ್, ಟಪ್... ನಿಂತಿತು. ಮತ್ತೆ ಟಪ್. ಸೀದ ವಾಸನೆ. "ಮಾಲಕ, ಮದತ ಪಾಹಿಜೇ ಕಾ?" ಎಂದು ಯಾರೋ ಸಹಾಯ ಬೇಕೇ ಎಂದು ಕೂಗಿದರು. ಇಡೀ ಹೋಟೆಲ್ ಗೊಳ್ಳೆಂದಿತು. ಕಾಕು ಮಾತ್ರ ಎರಡೂ ಕೈ ಟೇಬಲ್ಲಿನ ಮೇಲಿಟ್ಟು ನೆಟ್ಟಗೆ ಕೂತಿದ್ದರು.

ಬಹಳ ಹೊತ್ತಿನ ಮೇಲೆ ಕಾಕಾ ಬಂದರು. ಅಂಗಿ ಮೈಗೆ ಅಂಟಿತ್ತು, ಹುಬ್ಬಿನ ಮೇಲೆ ಹಿಟ್ಟು, ಕಣ್ಣು ಕೆಂಪು. ತಾಟಿನಲ್ಲಿದ್ದದ್ದು ದುಂಡಗೂ ಇರಲಿಲ್ಲ, ಚೌಕವೂ ಇರಲಿಲ್ಲ.

"ಇಷ್ಟ ಸೆಕಿ ಇರ್ತೈತೇನ ಒಳಗ?" ಎಂದು ಕೇಳಿದರು, ಮೆಲ್ಲಗೆ.

"ಇದಿನ್ನ ತಂಪ ಐತ್ರಿ. ಮೇ ತಿಂಗಳದಾಗ ಬರ್ರಿ."

ಕಾಕು ರೊಟ್ಟಿ ಮುರಿದು ತಿಂದರು. ಅವಸರವಿಲ್ಲದೆ, ಒಂದು ಚೂರೂ ಬಿಡದೆ ತಿಂದರು. ಕಾಕಾ ನಿಂತೇ ಇದ್ದರು.

"ಹೆಂಗೈತಿ?"

"ನಡಕ ಹಸೀ ಐತಿ. ಆದ್ರೂ ಭಾಳ ರುಚಿ ಆಗೇತ್ರಿ. ನಾ ಮಾಡಿದ್ದಲ್ಲಲ್ಲಾ..." ಎಂದರು ಕಾಕು. ಆಗ ಅವರ ಕಣ್ಣಲ್ಲಿ ನೀರು ಬಂತು.

ಕಾಕಾ ಪಕ್ಕದ ಸ್ಟೂಲ್ ಎಳೆದುಕೊಂಡು ಕೂತರು. ಹೆಗಲ ಮೇಲಿನ ಟಾವೆಲ್ಲಿನಿಂದ ಮುಖ ಒರೆಸಿಕೊಂಡರು. "ಆ ಬಿಲ್ಡರಗ ಫೋನ್ ಹಚ್ಚು" ಎಂದರು.

ಆ ಮಧ್ಯಾಹ್ನ ಉಳಿದವರಿಗೆ ರೊಟ್ಟಿ ಮಾಡಿದವರು ಗಿರಾಕಿಗಳೇ. ಖೋಲಿಗಳಲ್ಲಿ ತಾವೇ ಬೇಯಿಸಿ ತಿನ್ನುವ ಗಂಡಸರು, ಒಬ್ಬರಾದ ಮೇಲೊಬ್ಬರು ಒಳಗೆ ಹೋಗಿ ಬಡಿದರು. ಕಾಕು ಕುರ್ಚಿ ಬಿಟ್ಟು ಏಳಲಿಲ್ಲ. ನಾನು ಶಾಖೆಗೆ ತಡವಾಗಿ ಹೋಗಿ ಮ್ಯಾನೇಜರರಿಂದ ಬೈಸಿಕೊಂಡೆ, ಬೈಸಿಕೊಳ್ಳುವಾಗಲೂ ನಗು ತಡೆಯಲಾಗಲಿಲ್ಲ.

ಹೋಟೆಲ್ ಮುಚ್ಚಿದ ಮರುವಾರ ಜೆಸಿಬಿ ಬಂತು. ಬೀಳುವ ಗೋಡೆ ನೋಡಲು ಹೊಸ ಸೀರೆಯುಟ್ಟು ಬಂದವರನ್ನು ನಾನು ಕಂಡದ್ದು ಅದೊಂದೇ ಸಲ. ಕಾಕು ರಸ್ತೆಯ ಈಚೆ ನಿಂತು, ಆ ಡ್ರೈವರನಿಗೆ ಕನ್ನಡ ಬಾರದೆಂಬುದನ್ನೂ ಮರೆತು, "ಅಡಗೀಮನೀ ಮೊದಲ ಕೆಡವ್ರೀ!" ಎಂದು ಕೂಗುತ್ತಿದ್ದರು. ಮೊದಲ ತಗಡು ಕೆಳಗೆ ಬಿದ್ದಾಗ ಕಾಕಾ ಮುಖ ತಿರುಗಿಸಿದರು. ಕಾಕು ಕೂಗುವುದನ್ನು ನಿಲ್ಲಿಸಿ ಅವರ ಕೈ ಹಿಡಿದುಕೊಂಡರು. ಎಲ್ಲ ನೆಲಸಮವಾಗುವ ತನಕ ಬಿಡಲಿಲ್ಲ.

ಅಷ್ಟರಲ್ಲಿ ನನಗೆ ಔರಂಗಾಬಾದ್ ಹತ್ತಿರದ ವಾಳೂಜ್‌ಗೆ ವರ್ಗವಾಯಿತು. ಇಂದಿನ ಸಂಭಾಜಿನಗರವನ್ನು ಆಗ ಔರಂಗಾಬಾದ್ ಎನ್ನುತ್ತಿದ್ದೆವು. ಕಾಕು ಬಾಡಿಗೆ ಮನೆಯಿಂದಲೇ ಕಟ್ಟಡದ ವರದಿ ಒಪ್ಪಿಸುತ್ತಿದ್ದರು. "ಬಾಯಾರ, ಎಲ್ಡನೇ ಸ್ಲ್ಯಾಬ್ ಬಿತ್ತು!" ಎಂದು ಫೋನಿನಲ್ಲಿ ಅವರು ಕೂಗಿದರೆ ನನ್ನ ಕೌಂಟರಿನ ಮುಂದೆ ನಿಂತವರಿಗೂ ಕೇಳುತ್ತಿತ್ತು. ನಡುವೆ ಕೆಲಸ ನಿಂತು ಏಳೆಂಟು ತಿಂಗಳು ಫೋನೇ ಇರಲಿಲ್ಲ. ಆಮೇಲೆ ಮತ್ತೆ... ಮೂರನೆಯದು, ನಾಲ್ಕನೆಯದು.

ಗೃಹಪ್ರವೇಶಕ್ಕೆ ಬಸ್ಸು ಹತ್ತಿ ಹೋದೆ. ಹಳೆಯ ಗಿರಾಕಿಗಳೆಲ್ಲ ಬಂದಿದ್ದರು. ಪೂಜೆ, ಊಟ, ಹರಟೆ ಎಲ್ಲ ಮುಗಿದು ಸಂಜೆ ನಾಲ್ಕು ಹೊಡೆಯುವಷ್ಟರಲ್ಲಿ ಕಾಕು ನಡುಮನೆಯಲ್ಲಿ ನಿಂತು ಚಪ್ಪಾಳೆ ತಟ್ಟಿದರು.

"ಭಾಳ ಛಲೋ ಆತ್ರಿ. ಇನ್ನ ಎಲ್ಲಾರೂ ಹೊಂಡ್ರಿ."

ಎಲ್ಲರನ್ನೂ, ನನ್ನನ್ನೂ ಸೇರಿಸಿ, ಮೆಟ್ಟಿಲ ಮೇಲೆ ನಿಲ್ಲಿಸಿ ಬಾಗಿಲು ಹಾಕಿಕೊಂಡರು. ಕಡೀ ಬಿದ್ದ ಸದ್ದು ಕೇಳಿತು. ಅದರ ಬೆನ್ನಿಗೆ ಕಾಕು ನಕ್ಕದ್ದು, ಒಂದು ಗಳಿಗೆ ಬಿಟ್ಟು ಕಾಕಾ ನಕ್ಕದ್ದು. ನಾವು ಇಪ್ಪತ್ತು ಮೂವತ್ತು ಜನ ನಗುತ್ತಲೇ ಮೆಟ್ಟಿಲಿಳಿದೆವು.

ಆ ಮನೆಯಲ್ಲಿ ಅವರು ಇದ್ದದ್ದು ಐದು ವರ್ಷ. ಒಂದು ಬೆಳಿಗ್ಗೆ ಕಾಕಾ ಫೋನ್ ಮಾಡಿ, ಎದೆನೋವೆಂದು ಕೂತ ಕಾಕು ಏಳಲಿಲ್ಲ ಎಂದರು. ನಾನು ಆಗ ಗದಗಿಗೆ ಮರಳಿದ್ದೆ, ಹೋಗಲಾಗಲಿಲ್ಲ. ಕಾಕಾ ಅವರನ್ನು ಮಗಳು ಪುಣೆಗೆ ಕರೆದೊಯ್ದಳು.

ಕಳೆದ ತಿಂಗಳು ರಿಕ್ಷಾ ಇಳಿದವಳು ನಡೆದು ಹೋಗಿ ಆ ಕಟ್ಟಡದ ಗೇಟಿನ ಮುಂದೆ ನಿಂತೆ. ಕೆಳಗೆ ಔಷಧಿ ಅಂಗಡಿ, ಮೊಬೈಲ್ ಅಂಗಡಿ. ವಯಸ್ಸಾದ ವಾಚ್‌ಮನ್ ಯಾರ ಮನೆಗೆ ಹೋಗಬೇಕೆಂದು ಹಿಂದಿಯಲ್ಲಿ ಕೇಳಿದರು. ಯಾರ ಮನೆಗೂ ಅಲ್ಲ, ಇಲ್ಲಿ ಮೊದಲು ಒಂದು ಹೋಟೆಲ್ ಇತ್ತು ಎಂದೆ. ಅವರಿಗೆ ಗೊತ್ತಿರಲಿಲ್ಲ. ನನ್ನ ಹರುಕುಮುರುಕು ಹಿಂದಿಯಲ್ಲಿ ಹೇಳತೊಡಗಿದೆ. ಕಾಕಾ ರೊಟ್ಟಿಯ ಸುದ್ದಿ ಬಂದಾಗ ಅವರು ಬಾಯಿಬಿಟ್ಟು ನಕ್ಕರು. ಹೇಳುತ್ತ ಹೇಳುತ್ತ ನಾನೂ ಅಂದಿನಷ್ಟೇ ನಕ್ಕೆ.

"ಅಬ್ ಕಹಾಂ ಹೈಂ ವೋ?" ಕಾಕು ಈಗ ಎಲ್ಲಿದ್ದಾರೆ ಎಂದು ಕೇಳಿದರು.

"ನಹೀಂ ರಹೀಂ" ಎಂದೆ.

ಇನ್ನಿಲ್ಲ ಎಂಬ ಮಾತನ್ನು ಅಲ್ಲಿಯವರೆಗೆ ನಾನು ಯಾರಿಗೂ ಹೇಳಿರಲೇ ಇಲ್ಲ. ಗದಗಿನಲ್ಲಿ ಅವರನ್ನು ಬಲ್ಲವರು ಯಾರಿದ್ದರು... ಹೇಳಿದ ಮೇಲೆ ಗೇಟಿನ ಕಂಬಿ ಹಿಡಿದುಕೊಂಡೆ. ವಾಚ್‌ಮನ್ ತಮ್ಮ ಪ್ಲಾಸ್ಟಿಕ್ ಕುರ್ಚಿಯನ್ನು ನನ್ನ ಕಡೆ ಸರಿಸಿದರು. ನಾನು ಕೂತೆ.